ಎರಡೂವರೆ ಅಡಿ ಕಡಿಮೆ ಬಿದ್ದ ತಂತಿ

ನೀಲಿ ತಂತಿಯ ಮೇಲೆ ಉದ್ದಕ್ಕೂ ಓಡುವ ಬಿಳಿ ಗೆರೆಯ ಅಗಲ ಒಂದು ಮಿಲಿಮೀಟರಿಗಿಂತ ಕಡಿಮೆ. ಅದರ ಪಕ್ಕದ ಇನ್ನೊಂದು ನೀಲಿ ತಂತಿಯ ಮೇಲೆ ಅಷ್ಟೇ ಸಣ್ಣ ಕೆಂಪು ಗೆರೆ. ಬಿಳಿ ಗೆರೆಯದು ಹೆಡ್‌ಲೈಟಿನ ದೂರದ ಬೆಳಕಿಗೆ, ಕೆಂಪು ಗೆರೆಯದು ಹತ್ತಿರದ ಬೆಳಕಿಗೆ. ಸಂಜೆಯ ಹೊತ್ತು ಎರಡೂ ಒಂದೇ ಥರ ಕಾಣುತ್ತಿದ್ದವು. ಹಾಗಾಗಿ ಬಣ್ಣ ನೋಡುವ ಕೆಲಸವನ್ನೆಲ್ಲ ನಾನು ಬೆಳಿಗ್ಗೆ, ಪ್ರಯೋಗಾಲಯಕ್ಕೆ ಹೊರಡುವ ಮೊದಲು, ಕಿಟಕಿಯ ಪಕ್ಕ ನೆಲದ ಮೇಲೆ ಕೂತು ಮಾಡುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನ ಒಂದು ಜೂನ್ ಅದು. ನ್ಯೂಯಾರ್ಕಿಗೆ ಸುಮಾರು ಐವತ್ತು ಮೈಲಿ ದೂರದ ಮಾನ್ಮತ್ ಜಂಕ್ಷನ್ ಎಂಬ ಸಣ್ಣ ಊರಿನಲ್ಲಿ ವಯಸ್ಸಾದ ಅಮೆರಿಕನ್ ಹೆಂಗಸೊಬ್ಬರ ಮನೆಯ ಮಹಡಿಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಕೆಲಸ ಕ್ರ್ಯಾನ್‌ಬರಿಯ ಒಂದು ಔಷಧ ಕಂಪನಿಯಲ್ಲಿ. ಮಾತ್ರೆಗಳು ನೀರಿನಲ್ಲಿ ಎಷ್ಟು ನಿಮಿಷಕ್ಕೆ ಕರಗುತ್ತವೆ ಎಂದು ನೋಡಿ ಬರೆದಿಡುವುದು. ಜೊತೆಯ ಕೆಲಸಗಾರ್ತಿಯೊಬ್ಬಳು ಬೆಳಿಗ್ಗೆ ರಸ್ತೆಯ ಮೂಲೆಯಿಂದ ತನ್ನ ಕಾರಿನಲ್ಲಿ ಹತ್ತಿಸಿಕೊಂಡು, ಸಂಜೆ ಅಲ್ಲೇ ಇಳಿಸುತ್ತಿದ್ದಳು. ದಾರಿಯಲ್ಲಿ ಅವಳು ರೇಡಿಯೋ ಕೇಳುತ್ತಿದ್ದಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಶುಕ್ರವಾರ ಸಂಜೆ ಕಾರಿನಿಂದ ಇಳಿದರೆ ಭಾನುವಾರ ಬೆಳಿಗ್ಗೆಯವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಡದೆ ಇದ್ದದ್ದುಂಟು.

ಭಾನುವಾರ ಹತ್ತು ಗಂಟೆಗೆ ಕೆಳಗೆ ಎರಡು ಸಲ ಹಾರ್ನ್ ಕೇಳುತ್ತಿತ್ತು. ಅರ್ಧ ಮೈಲಿ ಆಚೆ ಬಾಡಿಗೆ ಮನೆಯಲ್ಲಿದ್ದ ಧಾರವಾಡದ ಕಡೆಯ ದಂಪತಿ ಅವರು. ಗಂಡ ಎಲೆಕ್ಟ್ರಿಕಲ್ ಎಂಜಿನಿಯರ್, ನಲವತ್ತೈದರ ಸುಮಾರು. ಅವರನ್ನು ನಾನು ಅಂಕಲ್ ಎನ್ನುತ್ತಿದ್ದೆ. ಆಕೆಯನ್ನು ಮೊದಲ ದಿನ ಆಂಟಿ ಎಂದು ಕರೆದಾಗ, "ಆಂಟಿ ಗೀಂಟಿ ಅನಬ್ಯಾಡ, ವೈನಿ ಅನ್ನು" ಎಂದಿದ್ದರು. ಅವರ ಕಡೆ ಅಣ್ಣನ ಹೆಂಡತಿಯನ್ನು ಹಾಗೆ ಕರೆಯುತ್ತಾರೆ.

"ಆಕಿ ವೈನಿ, ನಾ ಅಂಕಲ್. ಇದ್ಯಾವ ಲೆಕ್ಕನವಾ?" ಎಂದು ಅಂಕಲ್ ಕೇಳಿದ್ದರು.

"ನಿಮ್ಮ ತಲಿ ನೋಡಿ ಲೆಕ್ಕ ಹಾಕ್ಯಾಳ, ಸುಮ್ನಿರ್ರಿ."

ಮೂರು ವರ್ಷ ಹಾಗೆಯೇ ನಡೆಯಿತು. ಹತ್ತು ಗಂಟೆಗೆ ಹಾರ್ನ್, ಅವರ ಮನೆಯಲ್ಲಿ ಊಟ, ಕಿರಾಣಿ ಅಂಗಡಿ, ಐದು ಗಂಟೆಗೆ ನನ್ನನ್ನು ಮತ್ತೆ ನನ್ನ ಬಾಗಿಲಿಗೆ ತಂದು ಬಿಡುವುದು. ಡ್ರೈವಿಂಗ್ ಕಲಿಸಿ ಲೈಸೆನ್ಸ್ ಕೊಡಿಸಿದವರೂ ಅಂಕಲ್ಲೇ. ಆದರೆ ನನ್ನಲ್ಲಿ ಕಾರು ಇರಲಿಲ್ಲ. ಅವರ ಗ್ಯಾರೇಜಿನಲ್ಲಿ ಎರಡು ಇದ್ದವು. ಒಂದು ದಿನಬಳಕೆಯದು. ಇನ್ನೊಂದು ಐವತ್ತರ ದಶಕದ ಪುಟ್ಟ ಇಂಗ್ಲಿಷ್ ಕಾರು. ದುಂಡು ಮೂತಿಯ, ಬೂದು ಬಣ್ಣದ ಅಂಥ ಕಾರುಗಳು ನಾನು ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಡಾಕ್ಟರುಗಳ ಮನೆಯ ಮುಂದೆ ನಿಂತಿರುತ್ತಿದ್ದವು. ಅಂಕಲ್ ಅದನ್ನು ಆಸೆಪಟ್ಟು ತಂದು, ಸುಟ್ಟು ಪುಡಿಯಾಗುತ್ತಿದ್ದ ಹಳೆಯ ವೈರಿಂಗನ್ನೆಲ್ಲ ಕಿತ್ತು ಹಾಕಿ, ಹೊಸದಕ್ಕೆ ಕಾಯುತ್ತಿದ್ದೇನೆ ಎನ್ನುತ್ತಿದ್ದರು. ಕಾಯುತ್ತ ಎರಡು ವರ್ಷವಾಗಿತ್ತು.

ಏಪ್ರಿಲ್‌ನ ಒಂದು ಭಾನುವಾರ ಊಟದ ನಡುವೆ ಅಂಕಲ್ ಹೇಳಿದರು, "ಹುಬ್ಬಳ್ಳಿ ಕಾಲೇಜಿನಿಂದ ಪತ್ರ ಬಂತವಾ. ಕಲಿಸೋ ಕೆಲಸ. ಜೂನ್ ಕಡೀಕ ಹೊಂಟ್ವಿ."

ನಾನು ತುತ್ತು ನುಂಗಿ, "ಗ್ಯಾರೇಜಿನಲ್ಲಿರೋ ಕಾರು?" ಎಂದೆ. ಬಾಯಿಗೆ ಬಂದದ್ದು ಅದೊಂದೇ.

"ನೋಡ್ರಿ, ಮನಶ್ಯಾರನ್ನ ಬಿಟ್ಟು ಕಾರ ಕೇಳ್ತಾಳ" ಎಂದರು ವೈನಿ.

"ಜಂಕ್‌ಯಾರ್ಡಿನವರಿಗೆ ಹೇಳೀನಿ. ಬಂದು ಎಳಕೊಂಡು ಹೋಗ್ತಾರ."

"ನನಗೆ ಕೊಡ್ತೀರಾ ಅಂಕಲ್?"

"ಕೊಡ್ಲಿಕ್ಕೇನು. ವೈರಿಂಗ್ ಇಲ್ಲ ಅದಕ್ಕ. ಮೈಯಾಗ ನರಾನ ಇಲ್ಲ."

"ವೈರಿಂಗ್ ನಾನು ಹಾಕ್ತೀನಿ."

ವೈನಿ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ನನ್ನ ಕಡೆ ನೋಡಿದರು. "ಮದುವಿ ಮಾಡ್ಕೋ ಅಂತ ನಾ ಹೇಳಿದ್ರ, ಇಕಿ ಕಾರ ಮಾಡ್ಕೊಂಡ್ಲು."

ಕಾರಿನ ಆಸೆ ನನಗೆ ಇರಲಿಲ್ಲ ಎನ್ನುವುದಿಲ್ಲ. ಆದರೆ ಅದಕ್ಕಿಂತ ಬೇರೆ ಒಂದು ವಿಷಯವಿತ್ತು. ಮೂರು ವರ್ಷದಲ್ಲಿ ಅವರು ನನ್ನನ್ನು ಎಷ್ಟು ಸಲ ಕರೆದುಕೊಂಡು ಹೋಗಿದ್ದರೋ. ನಾನು ಅವರನ್ನು ಒಂದು ಸಲವೂ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಕೊನೆಯ ದಿನವಾದರೂ ಸ್ಟೀರಿಂಗ್ ನನ್ನ ಕೈಯಲ್ಲಿರಬೇಕು, ಅವರು ಕೂತಿರಬೇಕು, ಕೆನಡಿ ಏರ್‌ಪೋರ್ಟಿಗೆ ಅವರನ್ನು ನಾನೇ ಬಿಡಬೇಕು ಎಂದು ಮನಸ್ಸು ಹಿಡಿಯಿತು. ಮೇ ತಿಂಗಳಲ್ಲಿ ಅದನ್ನು ಹೇಳಿಯೂ ಹೇಳಿದೆ. ಅಂಕಲ್ ಅದಕ್ಕೊಂದು ಷರತ್ತು ಹಾಕಿದರು.

"ಸಾಮಾನು ನಮ್ಮ ಆಫೀಸಿನವನ ಸ್ಟೇಷನ್ ವ್ಯಾಗನ್ನಿನ್ಯಾಗ ಹೋಗ್ತದ. ನಮ್ಮ ವಿಮಾನ ಜೂನ್ ಕಡೀ ಶನಿವಾರ. ನಿನ್ನ ಕಾರಿಗೆ ಶುಕ್ರವಾರದೊಳಗ ಇನ್‌ಸ್ಪೆಕ್ಷನ್ ಸ್ಟಿಕರ್ ಹತ್ತಿತೋ, ಶನಿವಾರ ನಾವಿಬ್ಬರು ನಿನ್ನ ಕಾರಿನ್ಯಾಗ. ಇಲ್ಲಂದ್ರ ವ್ಯಾಗನ್ನಿನ್ಯಾಗ ನಮಗೂ ಜಾಗ ಅದ. ನೀ ಬ್ಯಾಸರ ಮಾಡ್ಕೋಬಾರ್ದು." ಸರ್ಕಾರದ ತಪಾಸಣೆಯಲ್ಲಿ ಪಾಸಾದ ಕಾರಿನ ಗಾಜಿಗೆ ಅಂಟಿಸುವ ಚೀಟಿ ಅದು, ಅದಿಲ್ಲದ ಕಾರನ್ನು ರಸ್ತೆಯಲ್ಲಿ ಓಡಿಸುವಂತಿರಲಿಲ್ಲ.

ವೈರಿಂಗ್ ಹಾರ್ನೆಸ್ ಎಂದರೆ ದೀಪ, ಹಾರ್ನ್, ವೈಪರ್, ಎಂಜಿನ್ ಎಲ್ಲಕ್ಕೂ ಹೋಗುವ ತಂತಿಗಳನ್ನು ಒಟ್ಟು ಸೇರಿಸಿ ಜಡೆಯ ಹಾಗೆ ಸುತ್ತಿದ ಕಂತೆ. ಬೇಕಾದಲ್ಲಿ ಬೇಕಾದಷ್ಟು ತಂತಿಗಳು ಅದರಿಂದ ಕವಲೊಡೆಯುತ್ತವೆ. ಪೆನ್ಸಿಲ್ವೇನಿಯಾದಲ್ಲಿ ಹಳೆಯ ಇಂಗ್ಲಿಷ್ ಕಾರುಗಳ ಬಿಡಿಭಾಗ ಮಾರುವ ಅಂಗಡಿಯೊಂದರ ಕ್ಯಾಟಲಾಗನ್ನು ಅಂಕಲ್ ಕೊಟ್ಟರು. ಅದರಲ್ಲಿ ಎರಡು ಬಗೆ ಇದ್ದವು. ಪ್ಲಾಸ್ಟಿಕ್ ಟೇಪು ಸುತ್ತಿದ್ದು ಅಗ್ಗ, ಕೂಡಲೇ ಸಿಗುತ್ತಿತ್ತು. ಆದರೆ ಅದರ ತಂತಿಗಳ ಬಣ್ಣ ಇಲ್ಲಿಯವರು ಇಟ್ಟದ್ದು. ಹತ್ತಿನೂಲು ಹೆಣೆದದ್ದು ಇಂಗ್ಲೆಂಡಿನಿಂದ ಬಂದ ಮಾಲು. ಕಾರಿನ ಪುಸ್ತಕದಲ್ಲಿರುವ ನಕ್ಷೆಯ ಬಣ್ಣಗಳೇ ಅದರಲ್ಲೂ ಇದ್ದವು. ಕೇಳಲು ಯಾರೂ ಪಕ್ಕದಲ್ಲಿಲ್ಲದವಳಿಗೆ ನಕ್ಷೆಯೇ ಆಧಾರ. ಎರಡನೆಯದನ್ನು ಆರಿಸಿದೆ.

ಆರ್ಡರ್ ಫಾರಂನಲ್ಲಿ ತುಂಬಬೇಕಾದ ವಿವರ ಬಹಳ ಇತ್ತು. ಕಾರಿನ ವರ್ಷ, ಡೈನಮೋ ನಂಬರು, ಫ್ಯೂಸ್ ಎಷ್ಟು, ವೈಪರ್ ಒಂದೋ ಎರಡೋ. ಡೈನಮೋ ನಂಬರಿಗಾಗಿ ಟಾರ್ಚ್ ಹಿಡಿದು ಗ್ಯಾರೇಜಿಗೆ ಎರಡು ಸಲ ಹೋಗಿ ಬಂದೆ. ಕೊನೆಗೆ ನನ್ನ ಕೋಣೆಯ ಮೇಜಿನ ಮೇಲೆ ಕಾರ್ಬನ್ ಇಟ್ಟು ತುಂಬಿ, ಬೆಳಿಗ್ಗೆ ಅಂಚೆಗೆ ಹಾಕಿದೆ.

ಕಂತೆ ಜೂನ್ ಮೊದಲ ವಾರ ಬಂತು. ಹೊಸ ಹತ್ತಿಯ ಮತ್ತು ಮೇಣದ ವಾಸನೆ ಕೋಣೆಯನ್ನೆಲ್ಲ ತುಂಬಿಕೊಂಡಿತು. ನೆಲದ ಮೇಲೆ ಬಿಡಿಸಿ ಹಾಸಿದರೆ ಬಾಗಿಲಿನಿಂದ ಮಂಚದ ಕಾಲಿನವರೆಗೆ ಬರುತ್ತಿತ್ತು. ಒಂದು ವಾರ ಬೆಳಿಗ್ಗೆ ಬೆಳಿಗ್ಗೆ ಅದರ ಒಂದೊಂದು ತುದಿಗೂ ಬಿಳಿ ಟೇಪು ಅಂಟಿಸಿ, ಕನ್ನಡದಲ್ಲಿ ಬರೆದೆ: ಎಡ ದೀಪ, ಬಲ ದೀಪ, ಹಾರ್ನ್, ಹಿಂದಿನ ಬ್ರೇಕ್. ಕನ್ನಡದಲ್ಲಿ ಬರೆಯಲು ಅಮ್ಮನಿಗೆ ವಾರಕ್ಕೊಂದು ಏರೋಗ್ರಾಂ ಬಿಟ್ಟರೆ ನನಗೆ ಬೇರೆ ಏನೂ ಇರಲಿಲ್ಲ. ಆ ಪತ್ರಗಳಲ್ಲಿ ಕಾರಿನ ಸುದ್ದಿ ಬರೆಯಲಿಲ್ಲ.

ಗ್ಯಾರೇಜಿಗೆ ಕಂತೆಯನ್ನು ಒಯ್ದದ್ದು ಒಂದು ಶನಿವಾರ, ವಿಮಾನಕ್ಕೆ ಎರಡು ವಾರ ಇರುವಾಗ. ಅಂಕಲ್ ಮತ್ತು ವೈನಿ ಸಾಮಾನು ಹಡಗಿಗೆ ಹಾಕುವ ಕೆಲಸದ ಮೇಲೆ ನ್ಯೂಯಾರ್ಕಿಗೆ ಹೋಗಿದ್ದರು. ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವೆ ಒಂದು ತಗಡಿನ ಗೋಡೆ ಇರುತ್ತದೆ. ಅದರ ತೂತಿನ ಮೂಲಕ ಕಂತೆ ಒಳಗೆ ಬರಬೇಕು. ಒಬ್ಬರು ಹೊರಗಿನಿಂದ ನೂಕಬೇಕು, ಇನ್ನೊಬ್ಬರು ಒಳಗಿನಿಂದ ಎಳೆಯಬೇಕು ಎಂದು ಪುಸ್ತಕದಲ್ಲಿತ್ತು. ನಾನು ಒಂದು ಗೇಣು ನೂಕಿ, ಬಾಗಿಲು ಸುತ್ತಿ ಒಳಗೆ ಬಂದು, ಬೆನ್ನ ಮೇಲೆ ಮಲಗಿ ಒಂದು ಗೇಣು ಎಳೆದು, ಮತ್ತೆ ಎದ್ದು ಹೊರಗೆ ಹೋಗುತ್ತಿದ್ದೆ. ಹಾಗೆ ಎಷ್ಟು ಸಲ ಎಂದು ಎಣಿಸಲಿಲ್ಲ. ನೂಕುವಾಗ ಎಳೆಯುವವರು ಇಲ್ಲ, ಎಳೆಯುವಾಗ ನೂಕುವವರು ಇಲ್ಲ.

ಡ್ಯಾಶ್‌ಬೋರ್ಡಿಗೆ ಹೋಗುವ ಹದಿಮೂರು ತಂತಿಗಳ ಕವಲು ಒಳಗೆ ಬಂದು ನಿಂತದ್ದು ಸ್ಟೀರಿಂಗಿನ ಹತ್ತಿರ ಅಲ್ಲ, ಪಕ್ಕದ ಸೀಟಿನ ಮುಂದೆ. ತಲೆಕೆಳಗಾಗಿ ಹಾಕಿದೆನೇನೋ ಎಂದು ಪೂರ್ತಿ ಹೊರಗೆ ತೆಗೆದು ಇನ್ನೊಂದು ಸಲ ಹಾಕಿದೆ. ಮತ್ತೆ ಅಲ್ಲೇ. ಎಳೆದು ನೋಡಿದೆ. ಸ್ಟೀರಿಂಗಿನ ಕಡೆಗೆ ಎರಡೂವರೆ ಅಡಿ ಕಡಿಮೆ ಬೀಳುತ್ತಿತ್ತು.

ಮನೆಗೆ ನಡೆದು ಹೋಗಿ ಕಾರ್ಬನ್ ಪ್ರತಿ ತೆಗೆದೆ. "ಸ್ಟೀರಿಂಗ್ ಯಾವ ಕಡೆ" ಎಂಬಲ್ಲಿ ಬಲ ಎಂದು ಗುರುತು ಹಾಕಿದ್ದೆ. ನನ್ನದೇ ಗುರುತು, ಗಟ್ಟಿಯಾಗಿ ಒತ್ತಿ ಹಾಕಿದ್ದು. ಕಾರು ಅಮೆರಿಕದ್ದು, ಸ್ಟೀರಿಂಗ್ ಎಡಕ್ಕೆ ಇದೆ, ಆ ವಾರವೇ ಎರಡು ಸಲ ಅದರಲ್ಲಿ ತಲೆ ಹಾಕಿ ಬಂದಿದ್ದೆ. ಡೈನಮೋ ನಂಬರು ಗೊತ್ತಿಲ್ಲ ಎಂದು ಹೋಗಿ ನೋಡಿದೆ. ಇದು ಗೊತ್ತಿದೆ ಎಂದು ನೋಡಲಿಲ್ಲ. ಫಾರಂ ತುಂಬುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಗ್ಯಾರೇಜಿನ ಕಾರಲ್ಲ. ಜ್ವರ ಬಂದಾಗ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ, ನಮ್ಮ ಬೀದಿಯ ಡಾಕ್ಟರ ಕಾರು. ಅವರು ಬಲಗಡೆ ಕೂತು ಓಡಿಸುತ್ತಿದ್ದರು, ನಾನು ಎಡಗಡೆ ಅಪ್ಪನ ತೊಡೆಯ ಮೇಲೆ.

ಸೋಮವಾರ ಪ್ರಯೋಗಾಲಯದಿಂದ ಅಂಗಡಿಗೆ ಫೋನ್ ಮಾಡಿದೆ. ಎಡಗಡೆಯದು ಇಂಗ್ಲೆಂಡಿನಿಂದ ಬರಬೇಕು, ಎರಡು ತಿಂಗಳಾಗಬಹುದು ಎಂದ ಅಂಗಡಿಯವನು. ಕಾರು ನಿಮ್ಮ ಹತ್ತಿರವೇ ಇದೆಯಲ್ಲವೇ ಎಂದೂ ಆತ ಕೇಳಿದ. ವ್ಯಂಗ್ಯ ಇರಲಿಲ್ಲ. ಇದೆ ಎಂದೆ.

ಅಂಕಲ್ಲಿಗೆ ಹೇಳಲು ಮಂಗಳವಾರದವರೆಗೂ ಧೈರ್ಯ ಬರಲಿಲ್ಲ. ಹೋದಾಗ ಅವರು ಅರ್ಧ ತುಂಬಿದ ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತಿದ್ದರು. ವೈನಿ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದರು.

"ನನ್ನಿಂದ ಒಂದು ತಪ್ಪಾಗಿದೆ ಅಂಕಲ್. ಬಲಗಡೆ ಸ್ಟೀರಿಂಗಿನದು ತರಿಸಿಬಿಟ್ಟಿದೀನಿ. ಡ್ಯಾಶ್‌ಬೋರ್ಡಿಗೆ ಸಾಕಾಗ್ತಿಲ್ಲ. ಮುಂದಿನ ವಾರ ಶನಿವಾರ ನೀವು ವ್ಯಾಗನ್ನಲ್ಲೇ ಹೋಗ್ಬೇಕಾಗತ್ತೆ."

ಅಂಕಲ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಅಟ್ಟದ ಏಣಿ ಹತ್ತಿದರು. ಮೇಲೆ ಏನನ್ನೋ ಎಳೆಯುವ ಸದ್ದು ಕೇಳಿತು. ಇಳಿದು ಬಂದಾಗ ಕೈಯಲ್ಲಿ ಅದೇ ಅಂಗಡಿಯ ಹೆಸರಿದ್ದ ಪೆಟ್ಟಿಗೆ ಇತ್ತು. ಮೇಲೆ ದಪ್ಪ ಧೂಳು. ತೆರೆದರೆ ಒಳಗೆ ಸುತ್ತಿದ ಹಾಗೆಯೇ ಇದ್ದ ಕಂತೆ, ಹತ್ತಿನೂಲಿನದು. ಅದಕ್ಕೆ ಕಟ್ಟಿದ ಚೀಟಿಯಲ್ಲಿ ಬಲ ಎಂದು ಇಂಗ್ಲಿಷಿನಲ್ಲಿ ಇತ್ತು.

ವೈನಿಯ ಕೈಯಲ್ಲಿದ್ದ ಪೇಪರು ಹಾಗೇ ನಿಂತಿತು. "ಇದೇನ್ರಿ? ಕಂಪನಿಯವರು ಇನ್ನೂ ಕಳಿಸಿಲ್ಲ ಅಂತ ಎರಡು ವರ್ಷ ಹೇಳಿದ್ರಲ್ಲ?"

"ಕಳಿಸಿದ್ರು."

"ಮತ್ತ?"

"ಫಾರಂ ತುಂಬೋವಾಗ ನಾ ಹುಬ್ಬಳ್ಳ್ಯಾಗ ಇದ್ದೆ" ಎಂದರು ಅಂಕಲ್. "ಅಡಿಗಿ ಮನಿ ಟೇಬಲ್ ಮುಂದ ಕೂತು ತುಂಬಿದ್ದು ಖರೆ. ಆದ್ರ ನಾ ಹುಬ್ಬಳ್ಳ್ಯಾಗ ಇದ್ದೆ."

"ದೊಡ್ಡ ಎಂಜಿನಿಯರ್ ನೀವು. ಎಡ ಯಾವುದು ಬಲ ಯಾವುದು ಗೊತ್ತಾಗಲಿಲ್ಲ."

"ಅದಕ್ಕಽ ಅಟ್ಟದ ಮ್ಯಾಲೆ ಇಟ್ಟಿದ್ದು." ನನ್ನ ಕಡೆ ತಿರುಗಿದರು. "ನಿನಗ ಮೊದಲಽ ಹೇಳಬೇಕಂತ ಮಾಡಿದ್ದೆ. ಎಡ ಬಲ ನೋಡಿ ಬರಿ ಅಂತ ನಿನಗ ಹೇಳಿದ್ರ ನನ್ನ ತಪ್ಪೂ ಹೇಳಬೇಕಾಗ್ತಿತ್ತು. ಜ್ವಾಕಿ ಹುಡುಗಿ, ಇಕಿ ತಪ್ಪಂಗಿಲ್ಲ ಅಂತ ಸುಮ್ನಾದೆ."

ವೈನಿ ನಗಲು ಶುರು ಮಾಡಿದರು. ನಕ್ಕು ನಕ್ಕು ಪೆಟ್ಟಿಗೆಯ ಮೇಲೆ ಕೂತರು. ನನಗೂ ನಗು ಬಂತು. ಎಷ್ಟು ದಿನದ ಮೇಲೆ ಎಂದು ಯೋಚಿಸುವಷ್ಟು ಬಂತು.

ಅಂಕಲ್ಲರ ಕಂತೆಯನ್ನು ಕತ್ತರಿಸಿ ನನ್ನದಕ್ಕೆ ಸೇರಿಸುವುದೆಂದು ಆಯಿತು. ಎರಡೂ ಒಂದೇ ಮಾಲು. ನೀಲಿಗೆ ನೀಲಿ, ಕಂದಿಗೆ ಕಂದು, ಗೆರೆಗೆ ಗೆರೆ ಸಿಗುತ್ತಿತ್ತು. ಹದಿಮೂರು ತಂತಿಗೆ ಹದಿಮೂರು ಬೆಸುಗೆ. ಬುಧವಾರದಿಂದ ಸಂಜೆ ಸಂಜೆ ನಾನು ಗ್ಯಾರೇಜಿಗೆ ಹೋಗುತ್ತಿದ್ದೆ. ಅಂಕಲ್ ಪ್ಯಾಕಿಂಗ್ ಬಿಟ್ಟು ಬಂದರೆ ತಂತಿ ಹಿಡಿದುಕೊಳ್ಳುತ್ತಿದ್ದರು. ಬೆಸುಗೆ ನಾನೇ ಹಾಕಬೇಕೆಂದು ಅವರ ಹಟ. ವೈನಿ ಟಾರ್ಚ್ ಹಿಡಿಯುತ್ತಿದ್ದರು, ಹೆಚ್ಚಾಗಿ ಬೇರೆ ಎಲ್ಲೋ.

"ಏನಿದು, ಎಲ್ಲಾ ಕನ್ನಡದಾಗ ಬರದೀಯಲ್ಲ" ಎಂದರು ಅಂಕಲ್, ನನ್ನ ಬಿಳಿ ಟೇಪುಗಳನ್ನು ನೋಡಿ. "ಇಂಗ್ಲೆಂಡಿನ ಕಾರನ್ನ ಕನ್ನಡ ಸಾಲಿಗೆ ಕಲೀಲಿಕ್ಕ ಹಾಕಿದ್ಯಾ?"

"ಓದಲಿಕ್ಕೆ ಬರೋರು ಮೂರೇ ಜನ, ಬಿಡಿ."

ಹೇಳಿದ ಮೇಲೆ ಲೆಕ್ಕ ಹಾಕಿಕೊಂಡೆ. ಶನಿವಾರದ ಮೇಲೆ ಒಬ್ಬಳೇ.

ಬೆಸುಗೆ ಐರನ್ನನ್ನು ಅವರು ನನಗೇ ಬಿಟ್ಟರು. ಇಲ್ಲಿಯ ಕರೆಂಟಿನದು ಅಲ್ಲಿ ನಡೆಯುವುದಿಲ್ಲ. ಅದೇ ಕಾರಣಕ್ಕೆ ಮೇಜಿನ ದೀಪ, ಟೋಸ್ಟರ್, ಇಸ್ತ್ರಿಪೆಟ್ಟಿಗೆ ಎಲ್ಲ ಒಂದೊಂದಾಗಿ ನನ್ನ ಕೋಣೆ ಸೇರಿದವು. ಅವರ ಮನೆ ಖಾಲಿಯಾದಷ್ಟೂ ನನ್ನ ಕೋಣೆ ತುಂಬುತ್ತ ಬಂತು. ಎರಡನೆಯ ವಾರದ ಗುರುವಾರ ಹನ್ನೆರಡು ಬೆಸುಗೆ ಮುಗಿದಾಗ ಬೆಸುಗೆ ತಂತಿ ತೀರಿತು. ಉಳಿದದ್ದು ಹಾರ್ನಿನದು. ಅಂಗಡಿ ಮುಚ್ಚಿತ್ತು. ಅದರ ಎರಡು ತುದಿಗಳನ್ನು ಹುರಿ ಹೊಸೆದು ಟೇಪು ಸುತ್ತಿದೆ. ಆಮೇಲೆ ಅಂಕಲ್ ಪ್ಯಾಕಿಂಗ್ ಬಿಟ್ಟು ಬಂದು ಬ್ಯಾಟರಿ ಜೋಡಿಸಿದರು. ದೀಪಗಳು ಹತ್ತಿದವು. ಮುಂದಿನವು, ಹಿಂದಿನವು, ಡ್ಯಾಶ್‌ಬೋರ್ಡಿನ ಪುಟ್ಟ ಹಳದಿ ದೀಪ. ವೈನಿ ಒಳಗೆ ಹೋಗಿ ಕುಂಕುಮದ ಭರಣಿ ತಂದು ಸ್ಟೀರಿಂಗಿಗೆ ಒಂದು ಬೊಟ್ಟು ಇಟ್ಟರು. ಆಮೇಲೆ ಬಲಗಡೆ, ಖಾಲಿ ಡ್ಯಾಶ್‌ಬೋರ್ಡಿಗೂ ಒಂದು ಇಟ್ಟರು. "ಅಲ್ಲಿ ಇರಬೇಕಾಗಿದ್ದ ಸ್ಟೀರಿಂಗಿಗೆ" ಎಂದರು.

ಶುಕ್ರವಾರ ರಜೆ ಹಾಕಿ ಇನ್‌ಸ್ಪೆಕ್ಷನ್ನಿಗೆ ಹೋದೆ. ಸಾಲಿನಲ್ಲಿ ಒಂದೂವರೆ ಗಂಟೆ ನಿಂತೆ. ತಪಾಸಣೆಯವನು ಎಲ್ಲ ದೀಪ ನೋಡಿದ, ಬ್ರೇಕ್ ನೋಡಿದ, ಕಿಟಕಿಯಿಂದ ಕೈ ಹಾಕಿ ಹಾರ್ನ್ ಒತ್ತಿದ. ಟೇಪಿನೊಳಗೆ ಆ ಹುರಿ ಬಿಚ್ಚಿಕೊಳ್ಳದಿರಲಿ ಎಂದು ನಾನು ಪಾದ ಬಿಗಿ ಹಿಡಿದು ಕೂತಿದ್ದೆ. ಹಾರ್ನ್ ಆಯಿತು. ಗಾಜಿಗೆ ಸ್ಟಿಕರ್ ಹತ್ತಿತು.

ಶನಿವಾರ ಮಧ್ಯಾಹ್ನ ಬೆಸುಗೆ ತಂತಿಯ ಹೊಸ ಸುರುಳಿಯೊಂದನ್ನು ಕೊಂಡು ಕೈಚೀಲದಲ್ಲಿ ಹಾಕಿಕೊಂಡು ಅವರ ಮನೆಯ ಮುಂದೆ ಕಾರು ನಿಲ್ಲಿಸಿದೆ. ವ್ಯಾಗನ್ ಸಾಮಾನಿನೊಡನೆ ಮುಂದೆ ಹೋಗಿತ್ತು. ಅಂಕಲ್ ಮುಂದೆ, ಬಲಗಡೆ ಕೂತರು. ವೈನಿ ಹಿಂದೆ, ತೊಡೆಯ ಮೇಲೆ ಒಂದು ಡಬ್ಬಿ ಇಟ್ಟುಕೊಂಡು. ಎಂಟು ಎ ನಂಬರಿನ ತಿರುವಿನಲ್ಲಿ ಟರ್ನ್‌ಪೈಕ್ ಎಂಬ ಹೆದ್ದಾರಿ ಹತ್ತಿದೆವು. ಗಂಟೆಗೆ ಐವತ್ತು ಮೈಲಿಯ ಮೇಲೆ ಕಾರು ಹೋಗುತ್ತಿರಲಿಲ್ಲ. ದೊಡ್ಡ ಟ್ರಕ್ಕುಗಳು ದಾಟುವಾಗ ಅದು ಪಕ್ಕಕ್ಕೆ ಸ್ವಲ್ಪ ಸರಿಯುತ್ತಿತ್ತು.

"ಎತ್ತಿನ ಗಾಡ್ಯಾಗ ಕೂತಂಗ ಆಗೇದ" ಎಂದರು ವೈನಿ.

"ಚೊಲೋ ಆತಲ್ಲ, ಈಗಿಂದಽ ರೂಢಿ ಮಾಡ್ಕೋ."

ಸ್ಟ್ಯಾಟನ್ ಐಲ್ಯಾಂಡ್ ದಾಟುವಾಗ ಅಂಕಲ್, ಇನ್ನೂ ತಗಡು ಮುಚ್ಚಿರದ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಬೆಸುಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಅವರ ಕಣ್ಣು ರಸ್ತೆಯ ಮೇಲೇ ಇತ್ತು. ಕೊನೆಯದರ ಮೇಲೆ ಬೆರಳು ನಿಂತಿತು.

"ಇದಕ್ಕ ಬೆಸುಗಿ ಇಲ್ಲ."

"ಹಾರ್ನಿಂದು. ನಾಳೆ ಹಾಕ್ತೀನಿ ಅಂಕಲ್."

"ಹಾಕು. ಹಂಗಽ ಬಿಟ್ಟುಗಿಟ್ಟೀ."

ಏರ್‌ಪೋರ್ಟಿನಲ್ಲಿ ಹೆಚ್ಚು ಹೊತ್ತು ಸಿಗಲಿಲ್ಲ. ವೈನಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಚಟ್ನಿಪುಡಿ. "ಡಬ್ಬಿ ನಂದು. ತಿಂದು ತೊಳದು ವಾಪಸ್ ಕೊಡಬೇಕು."

"ಎಲ್ಲಿಗೆ ತಂದು ಕೊಡ್ಲಿ ವೈನಿ?"

"ಹುಬ್ಬಳ್ಳಿಗೆ ತಾ. ಕಾರ ಅದ ಅಲಾ."

ಅಂಕಲ್ ಕಾರಿನ ಬಾನೆಟ್ಟಿನ ಮೇಲೆ ಒಂದು ಸಲ ಅಂಗೈ ಇಟ್ಟು ತೆಗೆದರು. ಆಮೇಲೆ ಇಬ್ಬರೂ ಬಾಗಿಲೊಳಗೆ ಹೋದರು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ವಾಪಸ್ ಬರುವಾಗ ವೆರಝಾನೋ ಸೇತುವೆಯ ಮೇಲೆ ಕತ್ತಲಾಗತೊಡಗಿತು. ಹೆಡ್‌ಲೈಟ್ ಹಾಕಿದೆ. ಪಕ್ಕದ ಸೀಟಿನ ಮುಂದಿನ ಕುಂಕುಮದ ಬೊಟ್ಟು ಎದುರು ಬರುವ ಕಾರುಗಳ ಬೆಳಕಿನಲ್ಲಿ ಆಗಾಗ ಕಾಣುತ್ತಿತ್ತು.

ಮರುದಿನ ಭಾನುವಾರ. ಎಂಟು ಗಂಟೆಗೆ ಎದ್ದು ಕಾಫಿ ಕುಡಿದು, ಮನೆಯೊಡತಿಯನ್ನು ಕೇಳಿ, ಅವರ ಅಡುಗೆಮನೆಯ ಕಿಟಕಿಯಿಂದ ಉದ್ದದ ವೈರು ಹೊರಗೆ ತಂದು ಬೆಸುಗೆ ಐರನ್ ಹಚ್ಚಿದೆ. ಅದು ಕಾಯುವವರೆಗೆ ಹಾರ್ನಿನ ತಂತಿಯ ಟೇಪು ಬಿಚ್ಚಿ, ಹುರಿಯನ್ನು ಚಾಕುವಿನಿಂದ ಕೆರೆದು ಹೊಳಪು ಮಾಡಿದೆ. ತಂತಿ ಹಿಡಿಯಲು ಇನ್ನೊಂದು ಕೈ ಬೇಕಿತ್ತು. ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದೆ. ಬೆಸುಗೆ ಒಂದೇ ಸಲಕ್ಕೆ ಹಿಡಿಯಿತು. ತಣ್ಣಗಾಗಲು ಬಿಟ್ಟು, ಬಟ್ಟೆಯ ಟೇಪು ಸುತ್ತಿದೆ. ಗಡಿಯಾರ ನೋಡಿದರೆ ಹತ್ತಕ್ಕೆ ಎರಡು ನಿಮಿಷ ಇತ್ತು. ಸ್ಟೀರಿಂಗಿನ ಹಿಂದೆ ಕೂತು ಸ್ವಲ್ಪ ಕಾದೆ. ಪರೀಕ್ಷೆಗೆ ಒಂದು ಸಲ ಸಾಕಿತ್ತು. ಎರಡು ಸಲ ಒತ್ತಿದೆ.

ಮನೆಯೊಡತಿಯ ಕಿಟಕಿಯ ಪರದೆ ಸರಿಯಿತು, ಮತ್ತೆ ಮುಚ್ಚಿತು. ನಾನು ಡ್ಯಾಶ್‌ಬೋರ್ಡಿನ ಕೆಳಗಿನ ತಗಡನ್ನು ಅದರ ಜಾಗಕ್ಕೆ ಹಿಡಿದು, ನಾಲ್ಕೂ ಸ್ಕ್ರೂ ಬಿಗಿ ಮಾಡಿದೆ.